ಜಿಲ್ಲೆ ಬದಲಾಯಿತು, ರೇಡಿಯೊ ದಿಕ್ಕು ಬದಲಾಗಲಿಲ್ಲ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗವನ್ನು ಬಿಟ್ಟು ಬಂದವು. ಜಗಳೂರು ಚಿತ್ರದುರ್ಗವನ್ನು ಬಿಟ್ಟು ಬಂತು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಕಚೇರಿ ಕೆಲಸಕ್ಕೆ ಜನ ದಾವಣಗೆರೆ ಬಸ್ಸು ಹತ್ತತೊಡಗಿದರು. ಆದರೆ ರೇಡಿಯೊಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗೆ ಹತ್ತಿರದ ಆಕಾಶವಾಣಿ ಭದ್ರಾವತಿ, ಜಗಳೂರಿಗೆ ಚಿತ್ರದುರ್ಗ.

ಈ ಊರುಗಳಲ್ಲಿ ‘ರೇಡಿಯೊ ಸರಿಯಾಗಿ ಕೇಳಲ್ಲ, ಬರೀ ಗೊರಗೊರ’ ಎಂಬ ದೂರು ಸಾಮಾನ್ಯ. ತಕ್ಷಣ ಹೊಸ ಸೆಟ್ ತರುವ ಯೋಚನೆ ಬರುತ್ತದೆ. ಆದರೆ ಎಷ್ಟೋ ಸಲ ತಪ್ಪು ಸೆಟ್‌ನದಲ್ಲ, ಅದನ್ನು ಇಟ್ಟ ಜಾಗದ್ದು.

ಭದ್ರಾವತಿ ಕೇಂದ್ರವನ್ನು ಹಳೆಯ ಕೇಳುಗರು 675 ಕಿಲೋಹರ್ಟ್ಜ್ ಎಂಬ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಈ ಮಧ್ಯಮ ತರಂಗದ ಒಂದು ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆ ನೆಲವನ್ನು ಸವರಿಕೊಂಡು, ಏರುತಗ್ಗು ದಾಟಿ ಹೋಗುತ್ತದೆ. ಚಿತ್ರದುರ್ಗದ ಎಫ್‌ಎಂ 102.6 ಮೆಗಾಹರ್ಟ್ಜ್, ಅದರ ಅಲೆ ಮೂರು ಮೀಟರಿಗೂ ಕಡಿಮೆ. ಅದು ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ, ಭೂಮಿಯ ಬಾಗು ಅಡ್ಡ ಬಂದರೆ ಸೊರಗುತ್ತದೆ. ಹೀಗಾಗಿ ಎರಡಕ್ಕೂ ಒಂದೇ ಮದ್ದು ಸಾಲದು.

ಮೊದಲು ಮಧ್ಯಮ ತರಂಗ. ಟ್ರಾನ್ಸಿಸ್ಟರಿನ ಹಿಂಬದಿ ಬಿಚ್ಚಿದರೆ ಮೇಲ್ಭಾಗದಲ್ಲಿ ಉದ್ದಕ್ಕೆ ಮಲಗಿರುವ ಕಪ್ಪು ಕಡ್ಡಿ ಕಾಣುತ್ತದೆ. ಅದರ ಮೇಲೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತದೆ. ಇದು ಫೆರೈಟ್ ಕಡ್ಡಿ, ಮಧ್ಯಮ ತರಂಗದ ಆಂಟೆನಾ ಇದೇ. ಇದರ ತುದಿ ಕೇಂದ್ರದತ್ತ ಇದ್ದರೆ ಸದ್ದು ಅಡಗುತ್ತದೆ; ಕಡ್ಡಿ ಅಡ್ಡಲಾಗಿದ್ದರೆ ಚೆನ್ನಾಗಿ ಕೇಳುತ್ತದೆ. ಹೊನ್ನಾಳಿಗೆ ಭದ್ರಾವತಿ ದಕ್ಷಿಣದಲ್ಲಿದೆ. ರೇಡಿಯೊದ ಮುಖವನ್ನೋ ಬೆನ್ನನ್ನೋ ದಕ್ಷಿಣಕ್ಕೆ ತಿರುಗಿಸಿ ಇಡಿ. ಚನ್ನಗಿರಿಯವರು ನೈಋತ್ಯಕ್ಕೆ ತಿರುಗಿಸಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಆಮೇಲೆ ಮನೆಯೊಳಗಿನ ಗಲಾಟೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು, ಯುಪಿಎಸ್ ಇವುಗಳೊಳಗಿನ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಹತ್ತಿ ಆರುತ್ತದೆ. ಆ ಪ್ರತಿ ಮಿಡಿತವೂ ಚಿಕ್ಕದೊಂದು ಪ್ರಸಾರವೇ. ರೇಡಿಯೊವನ್ನು ಸೆಲ್ ಹಾಕಿ ನಡೆಸಿ, ಒಂದೊಂದೇ ಸ್ವಿಚ್ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ಗೊರಗೊರ ನಿಲ್ಲುತ್ತದೋ ಅದೇ ಕಳ್ಳ. ಕತ್ತಲಾದ ಮೇಲೆ ಬೇರೆ ಊರಿನ ಕೇಂದ್ರಗಳು ಮೇಲೆ ಬಿದ್ದರೆ ಮಾತ್ರ ಮನೆಯನ್ನು ದೂರಬೇಡಿ. ಹಗಲಲ್ಲಿ ಮಧ್ಯಮ ತರಂಗವನ್ನು ಹೀರುವ ಆಕಾಶದ ಪದರವೊಂದು ರಾತ್ರಿ ಕರಗುತ್ತದೆ. ದೂರದ ಅಲೆಗಳು ಅದಕ್ಕೂ ಮೇಲಿನ ಪದರದಿಂದ ಬಾಗಿ ಇಳಿದು ಬರುತ್ತವೆ.

ಇನ್ನು ಎಫ್‌ಎಂ. ಇಲ್ಲಿ ಎತ್ತರವೇ ಬಂಡವಾಳ. ಮೂರು ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ ಸುಮಾರು 7 ಕಿ.ಮೀ.; ಅದನ್ನು 12 ಮೀಟರಿಗೆ ಏರಿಸಿದರೆ ಸುಮಾರು 14. ಇದು ಪ್ರಸಾರ ಗೋಪುರದ ದಿಗಂತದ ಜೊತೆ ಕೂಡುತ್ತದೆ. ಜಗಳೂರಿನಿಂದ ಚಿತ್ರದುರ್ಗ ನೇರ ಗೆರೆಯಲ್ಲಿ ಮೂವತ್ತಕ್ಕೂ ಹೆಚ್ಚು ಕಿ.ಮೀ. ದೂರ. ಇಷ್ಟು ದೂರದಲ್ಲಿ ನಡುಮನೆಯಿಂದ ಕಿಟಕಿಗೆ, ಕಿಟಕಿಯಿಂದ ಮಾಳಿಗೆಗೆ ಹೋದರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟದ ನಡುವಿನ ಮನೆಗಳಲ್ಲಂತೂ ಒದ್ದೆ ಸೋಗೆಗಳೂ ಅಲೆಯನ್ನು ಸ್ವಲ್ಪ ನುಂಗುತ್ತವೆ. ಸೆಟ್‌ನ ಕಡ್ಡಿ ಆಂಟೆನಾವನ್ನು ಸುಮಾರು 70 ಸೆಂ.ಮೀ. ಎಳೆಯಿರಿ, ಅದು ಅಲೆಯ ಕಾಲು ಭಾಗ. ಬೆರಳು ತೋರಿಸಿದ ಹಾಗೆ ಅದರ ತುದಿಯನ್ನು ಕೇಂದ್ರದತ್ತ ಚಾಚುವುದು ತಪ್ಪು. ತುದಿಯ ದಿಕ್ಕಿನಲ್ಲೇ ಅದು ಅತಿ ಕಿವುಡು. ಮೊಬೈಲಿನಲ್ಲಿ ಎಫ್‌ಎಂ ಕೇಳುವವರಿಗೆ ಇಯರ್‌ಫೋನ್ ತಂತಿಯೇ ಆಂಟೆನಾ. ಅದನ್ನು ಸುರುಳಿ ಸುತ್ತಿ ಇಡಬೇಡಿ.

ಇಷ್ಟೆಲ್ಲ ಮಾಡಿಯೂ ಕೇಳದಿದ್ದರೆ ಹೊಸ ಸೆಟ್ ನೋಡಿ. ಈಗಿನವುಗಳಲ್ಲಿ ಸ್ಕ್ಯಾನ್ ಗುಂಡಿ ಇರುತ್ತದೆ. ಒತ್ತಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತ, ಪ್ರತಿ ಮೆಟ್ಟಿಲಲ್ಲೂ ಸಂಕೇತದ ಬಲ ಅಳೆದು, ಗಟ್ಟಿ ಕೇಂದ್ರ ಸಿಕ್ಕಲ್ಲಿ ನಿಲ್ಲುತ್ತದೆ. ದುರ್ಬಲ ಕೇಂದ್ರವನ್ನು ದಾಟಿಯೇ ಬಿಡುತ್ತದೆ. ಸ್ಕ್ಯಾನ್‌ಗೆ ಸಿಗದ ಕೇಂದ್ರವನ್ನು ಕೈಯಲ್ಲಿ ತಿರುಗಿಸಿ ಹುಡುಕುವ ಸೌಲಭ್ಯ ಆದ್ದರಿಂದಲೇ ಬೇಕು.

ಮೆಟ್ಟಿಲಿನ ಅಳತೆಯೂ ಮುಖ್ಯ. ಭಾರತದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಜ್, ಅಮೆರಿಕದಲ್ಲಿ 10. ಅಮೆರಿಕದ ಲೆಕ್ಕದ ಸೆಟ್ 670ರಿಂದ 680ಕ್ಕೆ ಹಾರುತ್ತದೆ. ನಡುವಿನ 675 ಅದಕ್ಕೆ ಸಿಗುವುದೇ ಇಲ್ಲ. ಧಾರವಾಡದ 765ಕ್ಕೂ ಇದೇ ಗತಿ. ವಿದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಒಳ್ಳೆಯ ರೇಡಿಯೊ ಊರಿನ ಕೇಂದ್ರವನ್ನು ಹಿಡಿಯದಿದ್ದರೆ ಮೊದಲು ಈ 9–10ರ ಆಯ್ಕೆಯನ್ನು ನೋಡಿ.

ಅಂಗಡಿಯಲ್ಲಿ ಗಮನಿಸಬೇಕಾದದ್ದು ಇಷ್ಟು: ಉದ್ದನೆಯ ಫೆರೈಟ್ ಕಡ್ಡಿಗೆ ಜಾಗವಿರುವ ಅಗಲ ಸೆಟ್, ಹೊರಗಿನ ಆಂಟೆನಾ ಸಿಕ್ಕಿಸುವ ತೂತು, ಸುಲಭವಾಗಿ ಸಿಗುವ ಸೆಲ್. ಮಿನುಗುವ ದೀಪ, ದೊಡ್ಡ ಸ್ಪೀಕರ್ ನೋಡಿ ಮರುಳಾಗಬೇಡಿ. ಅವು ಸದ್ದನ್ನು ಹೆಚ್ಚಿಸುತ್ತವೆಯೇ ಹೊರತು ಕೇಂದ್ರವನ್ನು ಹಿಡಿದುಕೊಡುವುದಿಲ್ಲ. ಮಾಳಿಗೆಯ ಮೇಲೆ ಆಂಟೆನಾ ಕಟ್ಟುವವರು ಕರೆಂಟ್ ತಂತಿಯಿಂದ ದೂರ ಕಟ್ಟಿ, ಗುಡುಗು ಸಿಡಿಲಿನ ಮಳೆ ಶುರುವಾಗುವ ಮೊದಲೇ ಅದರ ತಂತಿಯನ್ನು ಸೆಟ್‌ನಿಂದ ಕಳಚಿಡಿ.

ದುಡ್ಡು ಕೊಡುವ ಮೊದಲು ಹಳೆಯ ಸೆಟ್ಟನ್ನೇ ಒಂದು ಸಂಜೆ ಮಾಳಿಗೆಗೆ ಒಯ್ದು, ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ. ಕೇಂದ್ರ ಕೇಳಿದರೆ, ನಿಮಗೆ ಬೇಕಿರುವುದು ಹೊಸ ರೇಡಿಯೊ ಅಲ್ಲ, ಹೊಸ ಜಾಗ.