ಲಸಿಕೆಯ ಹಿಂದಿನ ಎಚ್ಚರ

ಎಳೆಗೂಸಿಗೆ ನೆಗಡಿಯಾದರೆ ಮನೆಯ ಹಿರಿಯರು ಅದನ್ನು ದೊಡ್ಡ ಕಾಯಿಲೆಯೆಂದು ಎಣಿಸುವುದಿಲ್ಲ. ಆದರೆ ಆರ್.ಎಸ್.ವಿ. ಎಂಬ ವೈರಸ್, ದೊಡ್ಡವರಲ್ಲಿ ಸಾಮಾನ್ಯವಾಗಿ ನೆಗಡಿಯಾಗಿ ಬಂದು ಹೋಗುವಂಥದು, ಹಸುಳೆಗಳ ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಇದನ್ನು ತಡೆಯುವ ಚುಚ್ಚುಮದ್ದಿನ ಕಥೆಯನ್ನು ತಾಯಿತಂದೆಯರೆಲ್ಲರೂ ಅರಿಯುವುದು ಒಳಿತೆಂದು ನಾವು ಭಾವಿಸುತ್ತೇವೆ.

ಫಾರ್ಮಲಿನ್‌ನಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸುವ ವಿಧಾನವು ಪೋಲಿಯೋ ಲಸಿಕೆಯಲ್ಲಿ ಫಲ ನೀಡಿತ್ತು. ಅದೇ ಭರವಸೆಯಿಂದ 1960ರ ದಶಕದ ಮಧ್ಯದಲ್ಲಿ ಅಮೆರಿಕದ ವಿಜ್ಞಾನಿಗಳು ಆರ್.ಎಸ್.ವಿ. ಲಸಿಕೆಯನ್ನು ಸಿದ್ಧಪಡಿಸಿ ಶಿಶುಗಳಿಗೆ ಕೊಟ್ಟು ನೋಡಿದರು. ಫಲ ವಿಪರೀತವಾಯಿತು. ವಾಷಿಂಗ್ಟನ್‌ನಲ್ಲಿ ನಡೆದ ಪರೀಕ್ಷೆಯಲ್ಲಿ, ಲಸಿಕೆ ಪಡೆದು ಅನಂತರ ಸೋಂಕಿಗೊಳಗಾದ ಮಕ್ಕಳಲ್ಲಿ ಶೇಕಡ 80ರಷ್ಟು ಮಂದಿ ಆಸ್ಪತ್ರೆ ಸೇರಿದರು. ಆ ಲಸಿಕೆ ಪಡೆಯದೆ ಸೋಂಕಿಗೊಳಗಾದವರಲ್ಲಿ ಈ ಪ್ರಮಾಣ ಶೇಕಡ 5 ಮಾತ್ರ. ಲಸಿಕೆ ಪಡೆದ ಎರಡು ಕಂದಮ್ಮಗಳು ಅಸುನೀಗಿದವು. 1969ರಲ್ಲಿ ವೈದ್ಯರು ಈ ಸಂಗತಿಯನ್ನು ಮುಚ್ಚಿಡದೆ ಪ್ರಕಟಿಸಿದರು.

ಕಾರಣ ತಿಳಿಯಲು ದಶಕಗಳೇ ಹಿಡಿದವು. ಆ ಲಸಿಕೆಯಲ್ಲಿ ವೈರಸ್ಸಿನ ಮೇಲ್ಮೈಯ ಮುಖ್ಯ ಪ್ರೋಟೀನು ತನ್ನ ಮೂಲ ಆಕಾರದಲ್ಲಿ ಉಳಿದಿರಲಿಲ್ಲ. ಆದುದರಿಂದ ದೇಹವು ವೈರಸ್ಸನ್ನು ತಡೆಯಲಾರದ ದುರ್ಬಲ ಪ್ರತಿಕಾಯಗಳನ್ನು ಹುಟ್ಟಿಸಿತು. ಸೋಂಕು ಬಂದಾಗ ಶ್ವಾಸಕೋಶದ ಉರಿಯೂತ ಉಲ್ಬಣಿಸಿತು. 2013ರಲ್ಲಿ ಜೇಸನ್ ಮೆಕ್ಲೆಲನ್, ಬಾರ್ನಿ ಗ್ರಹಾಂ ಮತ್ತು ಅವರ ಸಂಗಡಿಗರು ಆ ಪ್ರೋಟೀನಿನ ಮೂಲ ಆಕಾರವನ್ನು ಕಂಡುಕೊಂಡರು. ಅದರ ಆಧಾರದ ಮೇಲೆ ರೂಪುಗೊಂಡ ಲಸಿಕೆಗಳಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಅವುಗಳಲ್ಲಿ ಒಂದನ್ನು ಗರ್ಭಿಣಿಯರಿಗೂ ಕೊಡಲಾಗುತ್ತದೆ. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಕೂಸನ್ನು ಸೇರುತ್ತವೆ.

ಇಂದು ಹೊಸ ಲಸಿಕೆಯನ್ನು ಮೊದಲು ಪ್ರಾಣಿಗಳಲ್ಲಿ, ಬಳಿಕ ಕೆಲವೇ ಮಂದಿ ಆರೋಗ್ಯವಂತ ವಯಸ್ಕರಲ್ಲಿ ಪರೀಕ್ಷಿಸುತ್ತಾರೆ. ಜ್ವರ, ಬಾವು, ರಕ್ತದ ವ್ಯತ್ಯಾಸ ಎಲ್ಲವನ್ನೂ ಬರೆದಿಡುತ್ತಾರೆ. ಅದು ಸುರಕ್ಷಿತವೆಂದು ಕಂಡರೆ ಮಾತ್ರ ನೂರಾರು, ಸಾವಿರಾರು ಜನರ ಸರದಿ. ಸಾಮಾನ್ಯವಾಗಿ ಶಿಶುಗಳ ಸರದಿ ಕೊನೆಗೆ. ಆಗಲೂ ಎಚ್ಚರ ತಪ್ಪುವಂತಿಲ್ಲ. 2024ರಲ್ಲಿ ಮತ್ತೊಂದು ಹೊಸ ಆರ್.ಎಸ್.ವಿ. ಲಸಿಕೆ ಪಡೆದ ಶಿಶುಗಳಲ್ಲಿ ಕಾಯಿಲೆ ಹೆಚ್ಚು ತೀವ್ರವಾಗುವ ಸುಳಿವು ಕಂಡಾಗ ಅಮೆರಿಕದಲ್ಲಿ ಆ ಪರೀಕ್ಷೆಯನ್ನೇ ತಡೆದರು.

ಅರಿವು ಆಚರಣೆಗೆ ಬರಬೇಕೆಂಬುದು ಶರಣರು ತೋರಿದ ದಾರಿ. ಆ ಎರಡು ಕಂದಮ್ಮಗಳ ಸಾವಿನಿಂದ ಬಂದ ಅರಿವು ಇಂದಿನ ಪರೀಕ್ಷೆಗಳ ಆಚರಣೆಯಾಗಿದೆ. ಲಸಿಕೆಯ ಬಗೆಗೆ ಸಂದೇಹ ಬಂದಾಗ ಗಾಳಿಮಾತಿಗೆ ಕಿವಿಗೊಡದೆ, ಅದು ಯಾವ ಪರೀಕ್ಷೆಗಳನ್ನು ದಾಟಿ ಬಂದಿದೆಯೆಂದು ವೈದ್ಯರನ್ನು ನಾವು ಕೇಳೋಣ. ಕೇಳುವುದು ಅವಿಶ್ವಾಸವಲ್ಲ, ಮಕ್ಕಳನ್ನು ಹೆತ್ತವರ ಕರ್ತವ್ಯ.