ಬೆಲ್ಲದ ನೀರು, ಯೀಸ್ಟ್ ಮತ್ತು ಹೆತ್ತವರ ಆತಂಕ

ಹುದುಗುವಿಕೆಯ ಪ್ರಯೋಗವನ್ನು ಶಾಲೆಯಲ್ಲಿ ಮಾಡಿ ತೋರಿಸಿದರೆ, "ಏನು ಮಾಸ್ಟ್ರೇ, ಮಕ್ಕಳಿಗೆ ಸಾರಾಯಿ ಇಳಿಸಲು ಕಲಿಸುತ್ತೀರಾ?" ಎಂದು ಕೇಳುವ ಹೆತ್ತವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕುಡಿತದಿಂದ ಬಸವಳಿದ ಮನೆಗಳು ನಮ್ಮೂರುಗಳಲ್ಲಿ ಕಡಿಮೆಯೇನಿಲ್ಲ. ಆದುದರಿಂದ ಪ್ರಯೋಗಶಾಲೆಯಲ್ಲಿ ನಡೆಯುವುದೇನೆಂದು ತಿಳಿಸುವುದು ಒಳಿತು.

200 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ 20 ಗ್ರಾಂ ಬೆಲ್ಲ ಕರಗಿಸಿ, ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಒಂದು ಚಮಚ ಬೆರೆಸುತ್ತೇವೆ. ಬಾಟಲಿಯ ಬಿರಡೆಯಿಂದ ಹೊರಟ ಕೊಳವೆಯ ತುದಿ ಸುಣ್ಣದ ತಿಳಿನೀರಿನಲ್ಲಿ ಮುಳುಗಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳೆದ್ದು ತಿಳಿನೀರು ಹಾಲಿನಂತಾಗುತ್ತದೆ. ಅದು ಇಂಗಾಲದ ಡೈಆಕ್ಸೈಡಿನ ಗುರುತು. ಪಕ್ಕದಲ್ಲೇ ಕುದಿಸಿ ಆರಿಸಿದ ಯೀಸ್ಟ್ ಹಾಕಿದ ಇನ್ನೊಂದು ಬಾಟಲಿ ಇರುತ್ತದೆ, ಅದು ಸುಮ್ಮನಿರುತ್ತದೆ. ನಮ್ಮ ಮಟ್ಟಿಗೆ ಪ್ರಯೋಗದ ಜೀವವಿರುವುದು ಈ ಎರಡನೆಯ ಬಾಟಲಿಯಲ್ಲಿ. ಬೆಲ್ಲವೂ ಅದೇ, ನೀರೂ ಅದೇ. ಕೆಲಸ ಏಕೆ ನಿಂತಿತು?

ಯೀಸ್ಟಿನಂತಹ ಜೀವಿಗಳಿಂದಲೇ ಹುದುಗುವಿಕೆ ಎಂದು ಲೂಯಿ ಪಾಸ್ಚರ್ ಸಾಧಿಸಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್, ಯೀಸ್ಟನ್ನು ಅರೆದು ಹಿಂಡಿದ ಜೀವಕೋಶವಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದರು. 1907ರಲ್ಲಿ ಅವರಿಗೆ ನೊಬೆಲ್ ಬಂತು. ಕುದಿಸಿದಾಗ ಕೆಡುವುದು ಆ ರಸದಲ್ಲಿರುವ ಕಿಣ್ವಗಳು. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟಬೇಕು.

ಇದನ್ನು ಪುಸ್ತಕಕ್ಕಿಂತ ಮೊದಲೇ ಬಲ್ಲವರು ಮೂರ್ತೆದಾರರ ಮಕ್ಕಳು. ಮಡಕೆಯೊಳಗೆ ಸುಣ್ಣ ಬಳಿದರೆ ಇಳಿಯುವ ರಸ ಸಿಹಿಯಾಗಿಯೇ ಉಳಿಯುತ್ತದೆ, ಬಳಿಯದಿದ್ದರೆ ಕಳ್ಳಾಗುತ್ತದೆ. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯಲಾರದು. ಸದಾ ಹಿಂದಿನ ಬೆಂಚಿನಲ್ಲಿ ಮೌನವಾಗಿರುವ ಹುಡುಗ ಎದ್ದು ನಿಂತು ಉತ್ತರ ಹೇಳುವುದು ಈ ಪಾಠದ ದಿನವೇ. ಮನೆಯ ಮಾತಿನಲ್ಲಿ ಪಾಠ ಸಿಕ್ಕಿದರೆ ಇಷ್ಟು ಲಾಭವುಂಟು. ಅಂದ ಹಾಗೆ, ಹುದುಗುವಿಕೆಗೆ ಮಲಯಾಳದಲ್ಲಿ 'ಕಿಣ್ವನಂ' ಎನ್ನುತ್ತಾರೆ. ನಮ್ಮ 'ಕಿಣ್ವ'ದ ನೆಂಟನೇ ಅದು.

ಇನ್ನು ಭಯದ ವಿಚಾರ. ನಾವು ಭಟ್ಟಿ ಇಳಿಸುವುದಿಲ್ಲ. ಅದು ಅಬಕಾರಿ ಕಾನೂನಿಗೆ ಸಂಬಂಧಿಸಿದ್ದು. ಯಾರೂ ರುಚಿ ನೋಡುವಂತಿಲ್ಲ, ವಾಸನೆ ಸಾಕು. ಅದೇ ತರಗತಿಯಲ್ಲಿ ಮೆಥನಾಲಿನ ಕಥೆಯನ್ನೂ ಹೇಳುತ್ತೇವೆ. 1982ರಲ್ಲಿ ವೈಪಿನ್‌ನಲ್ಲಿ, 2000ದಲ್ಲಿ ಕಲ್ಲುವಾತುಕ್ಕಲ್‌ನಲ್ಲಿ ಜನರ ಪ್ರಾಣ ತೆಗೆದುದು ಸಕ್ಕರೆ ಹುದುಗಿ ಬಂದ ಮದ್ಯಸಾರವಲ್ಲ, ಮದ್ಯಕ್ಕೆ ಬೆರೆತ ಈ ವಿಷ. ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಎರಡನ್ನೂ ಪ್ರತ್ಯೇಕಿಸುವುದು ಕುಡಿಯುವವನಿಂದ ಆಗದ ಕೆಲಸ. ಇದನ್ನು ಕೇಳಿದ ಮಕ್ಕಳು ಮನೆಗೆ ಹೋಗಿ ಹೇಳಿಯೇ ಹೇಳುತ್ತಾರೆ.

ಸಂಶಯವಿದ್ದ ಹೆತ್ತವರು ಆ ದಿನ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬಹುದು. ಎರಡೂ ಬಾಟಲಿಗಳು ಮೇಜಿನ ಮೇಲೆಯೇ ಇರುತ್ತವೆ.