ನಾಯಿಮರಿಗೆ ಮನೆಪಾಠ

ಮನೆಗೆ ತಂದ ನಾಯಿಮರಿ ಎರಡನೆಯ ದಿನವೇ ಚಾವಡಿಯ ನಡುವೆ ಮೂತ್ರ ಮಾಡಿತೆನ್ನಿ. ಅರ್ಧ ಗಂಟೆ ಕಳೆದ ಮೇಲೆ ಮನೆಯ ಹಿರಿಯರೊಬ್ಬರು ಅದನ್ನು ಕಾಣುತ್ತಾರೆ. ಮೂಲೆಯಲ್ಲಿ ಮಲಗಿದ್ದ ಮರಿಯನ್ನು ಕತ್ತು ಹಿಡಿದು ಎಳೆತಂದು, ಅದರ ಮೂತಿಯನ್ನು ಆ ಒದ್ದೆಗೆ ಒತ್ತಿ, ಎರಡೇಟು ಬಿಗಿದು ಅಂಗಳಕ್ಕೆ ಅಟ್ಟುತ್ತಾರೆ. ಈ ಶಿಕ್ಷಾಕ್ರಮ ಕಾರ್ಕಳ ತಾಲೂಕಿನ ನಮ್ಮ ಅಜೆಕಾರಿನಲ್ಲಿಯೂ ಉಂಟು, ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿಯೂ ಉಂಟು. ಇದಕ್ಕಿರುವ ದೋಷ ಒಂದೇ: ಮರಿ ಕಲಿಯಬೇಕಾದುದನ್ನು ಇದರಿಂದ ಕಲಿಯುವುದಿಲ್ಲ; ಬೇರೇನನ್ನೋ ಕಲಿಯುತ್ತದೆ. ತಿಂಗಳುಗಳು ಕಳೆದಂತೆ "ಈ ನಾಯಿಗೆ ಬುದ್ಧಿ ಬಾರದು" ಎಂಬ ತೀರ್ಪು ಹೊರಬೀಳುತ್ತದೆ. ಒಂದು ಸಂಜೆ ಅದನ್ನು ಗೋಣಿಚೀಲದಲ್ಲಿ ತುಂಬಿ ಪೇಟೆಯ ಮೀನುಮಾರುಕಟ್ಟೆಯ ಬಳಿಯೋ, ನಿರ್ಜನವಾದ ರಸ್ತೆಯ ತಿರುವಿನಲ್ಲೋ ಬಿಟ್ಟುಬರುವಲ್ಲಿಗೆ ಕಥೆ ಮುಗಿಯುತ್ತದೆ. ಬೀದಿಯಲ್ಲಿ ಅಲೆಯುವ ನಾಯಿಗಳಲ್ಲಿ ಹೀಗೆ ಮನೆಪಾಠದಲ್ಲಿ ಅನುತ್ತೀರ್ಣವಾದವು ಎಷ್ಟೋ ಇವೆ. ಶಿಷ್ಯನಿಗಿಂತ ಉಪಾಧ್ಯಾಯನೇ ಅನುತ್ತೀರ್ಣನೆಂದರೆ ಹೆಚ್ಚು ನ್ಯಾಯವಾದೀತು.

ಪಾವ್ಲೊವನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ರಷ್ಯನ್ ಶರೀರಶಾಸ್ತ್ರಜ್ಞನು ನಾಯಿಗೆ ಆಹಾರ ಕೊಡುವ ಮುನ್ನ ಒಂದು ಸದ್ದನ್ನು ಕೇಳಿಸುತ್ತ ಹೋದನು. ಕೆಲವು ದಿನಗಳಲ್ಲಿ ಆ ಸದ್ದು ಕೇಳಿದೊಡನೆಯೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ಆದರೆ ಸದ್ದಿಗೂ ಆಹಾರಕ್ಕೂ ನಡುವಣ ಕಾಲ ಹೆಚ್ಚಿದಷ್ಟೂ ಈ ಸಂಬಂಧ ಬೆಳೆಯುವುದು ಕಷ್ಟವಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಅಮೆರಿಕದ ಥಾರ್ನ್‌ಡೈಕ್ ೧೮೯೮ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದಕ್ಕೆ ಪೂರಕವಾದುವು. ಪೆಟ್ಟಿಗೆಯಲ್ಲಿ ಕೂಡಿಟ್ಟ ಬೆಕ್ಕು ಹೇಗೋ ಅಗಳಿಯನ್ನು ಸರಿಸಿ ಹೊರಬಂದು ಆಹಾರವನ್ನು ಪಡೆದರೆ, ಮುಂದಿನ ಸಲ ಅದೇ ಕ್ರಿಯೆಯನ್ನು ಬೇಗನೆ ಮಾಡುತ್ತದೆ. ಕೃತ್ಯದ ಬೆನ್ನಿಗೇ ಸುಖ ದೊರೆತರೆ ಕೃತ್ಯ ಬೇರೂರುತ್ತದೆ. 'ಬೆನ್ನಿಗೇ' ಎಂಬುದನ್ನು ಇಲ್ಲಿ ಗಡಿಯಾರದ ಸೆಕೆಂಡುಗಳಲ್ಲಿ ಅಳೆಯಬೇಕು. ನಾಯಿಗೆ ಪಾಠ ಹೇಳುವವನಿಗೆ ದೊರೆಯುವ ಅವಧಿ ಒಂದೆರಡು ಸೆಕೆಂಡು ಮಾತ್ರ.

ಈಗ ಮೊದಲಿನ ಮರಿಯ ಬಳಿಗೆ ಬರೋಣ. ಏಟು ಬಿದ್ದ ಕ್ಷಣದಲ್ಲಿ ಅದು ಮಾಡುತ್ತಿದ್ದುದೇನು? ಮಲಗಿತ್ತು. ಅದರ ಬಳಿಗೆ ಬಂದುದು ಮನುಷ್ಯನ ಕೈ. ಆದುದರಿಂದ ಅದು ಕಲಿತ ಪಾಠ "ಮನುಷ್ಯನ ಕೈ ಅಪಾಯಕರ" ಎಂಬುದು. ಒಂದು ವೇಳೆ ಮೂತ್ರ ಮಾಡುತ್ತಿರುವಾಗಲೇ ಹೊಡೆದರೂ, "ಇವರ ಕಣ್ಣೆದುರು ಮೂತ್ರ ಮಾಡಬಾರದು" ಎಂದಷ್ಟೇ ತಿಳಿದು, ಮಂಚದ ಅಡಿಯನ್ನೋ ಅಕ್ಕಿಮುಡಿಯ ಮರೆಯನ್ನೋ ಹುಡುಕುತ್ತದೆ.

"ಹಾಗಲ್ಲ, ತಪ್ಪು ಮಾಡಿದ್ದು ಅದಕ್ಕೆ ಗೊತ್ತಿರುತ್ತದೆ, ನೋಡಿ, ಕಿವಿ ಮಡಚಿ, ಬಾಲ ಮುದುಡಿ, ಓರೆಗಣ್ಣಿನಿಂದ ನೋಡುತ್ತದೆ" ಎಂದು ನಾಯಿ ಸಾಕಿದವರೆಲ್ಲ ವಾದಿಸುವುದುಂಟು. ಈ ವಾದವನ್ನು ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ವಿಜ್ಞಾನಿ ಪರೀಕ್ಷಿಸಿ, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿನಾಲ್ಕು ನಾಯಿಗಳ ಯಜಮಾನರು ತಿಂಡಿಯೊಂದನ್ನು ತೋರಿಸಿ "ತಿನ್ನಬೇಡ" ಎಂದು ಹೇಳಿ ಕೋಣೆಯಿಂದ ಹೊರಗೆ ಹೋದರು. ಕೆಲವು ಸಲ ನಾಯಿ ತಿಂದಿತು. ಕೆಲವು ಸಲ ತಿನ್ನಲಿಲ್ಲ. ಮರಳಿದ ಯಜಮಾನನಿಗೆ ಒಮ್ಮೆ ನಿಜವನ್ನೂ ಒಮ್ಮೆ ಸುಳ್ಳನ್ನೂ ಹೇಳಲಾಯಿತು. ನಾಯಿಯ ಮುಖದ 'ಅಪರಾಧಿ ಭಾವ'ಕ್ಕೂ ಅದು ತಿಂದಿತ್ತೇ ಇಲ್ಲವೇ ಎಂಬುದಕ್ಕೂ ಸಂಬಂಧವೇ ಕಾಣಲಿಲ್ಲ. ಯಜಮಾನ ಗದರಿಸಿದಾಗ ಆ ಭಾವ ಮೂಡಿತು. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚಾಗಿ ಕಂಡಿತು! ನಾವು ಪಶ್ಚಾತ್ತಾಪವೆಂದು ಓದುತ್ತಿದ್ದುದು ಕೇವಲ ಭಯ.

ಹಾಗಾದರೆ ಕಲಿಸುವುದು ಹೇಗೆ? ಮರಿಗೆ ಮೂತ್ರ ಬರುವ ಹೊತ್ತುಗಳನ್ನು ಮುಂದಾಗಿ ಊಹಿಸಬಹುದು: ನಿದ್ದೆಯಿಂದ ಎದ್ದೊಡನೆ, ಉಂಡ ಸ್ವಲ್ಪ ಹೊತ್ತಿಗೆ, ಆಟದ ನಡುವೆ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಗಂಟೆಗಳಿಗಿಂತ ಹೆಚ್ಚು ತಡೆದುಕೊಳ್ಳಲಾರದು. ಆ ಹೊತ್ತಿಗೆಲ್ಲ ಅದನ್ನು ಒಂದೇ ನಿಯತ ಸ್ಥಳಕ್ಕೆ ಒಯ್ದು ನಿಲ್ಲಿಸಬೇಕು. ಕೆಲಸ ಮುಗಿದ ಆ ಒಂದೆರಡು ಸೆಕೆಂಡಿನೊಳಗೆ ಒಂದು ಚೂರು ಒಣಮೀನನ್ನೋ ರೊಟ್ಟಿಯನ್ನೋ ಕೊಟ್ಟು ಮೆಚ್ಚುಗೆಯ ಮಾತಾಡಬೇಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ, ಬಹುಮಾನ ಸಿಕ್ಕುವುದು ಮನೆಯೊಳಗೆ ಬಂದುದಕ್ಕೆ. ಒಳಗೆ ತಪ್ಪಿ ಮಾಡಿದರೆ ಸದ್ದಿಲ್ಲದೆ ಒರಸಿಬಿಡಿ. ಒರಸುವಾಗ ಅಮೋನಿಯಾ ಇರುವ ದ್ರಾವಣವನ್ನು ಬಳಸಬಾರದು. ಮೂತ್ರದ ವಾಸನೆಯಲ್ಲಿಯೂ ಅಮೋನಿಯಾ ಇರುವುದರಿಂದ ಮರಿಗೆ ಅದು ಆಮಂತ್ರಣವೇ ಆಗುತ್ತದೆ. ನಮ್ಮ ಮೂಗಿಗೆ ವಾಸನೆ ಹೋಯಿತೆಂದರೆ ನಾಯಿಯ ಮೂಗಿಗೂ ಹೋಯಿತೆಂದು ಅರ್ಥವಲ್ಲ. ಕಿಣ್ವಗಳುಳ್ಳ ಶುಚಿಕಾರಕಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ.

ಪಾಶ್ಚಾತ್ಯ ಪುಸ್ತಕಗಳಲ್ಲಿ ಹೇಳದ ಒಂದು ತೊಡಕು ನಮ್ಮ ಕಡೆ ಇದೆ; ಅದು ಮಳೆ. ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಆಷಾಢದ ಜಡಿಮಳೆಯಲ್ಲಿ ಯಾವ ಮರಿ ಅಂಗಳಕ್ಕೆ ಇಳಿದೀತು? ಅದು ಜಗಲಿಯ ಸಿಮೆಂಟು ನೆಲದ ಮೇಲೆಯೇ ಮುಗಿಸುತ್ತದೆ. ನಾಯಿಮರಿಗಳು ಯಾವ ಬಗೆಯ ನೆಲದ ಮೇಲೆ ಮೂತ್ರ ಮಾಡಬೇಕೆಂಬ ರೂಢಿಯನ್ನು ಎರಡು ತಿಂಗಳ ಸುಮಾರಿನಲ್ಲಿಯೇ ಬೆಳೆಸಿಕೊಳ್ಳತೊಡಗುತ್ತವೆ. ಮಳೆಗಾಲದಲ್ಲಿ ಸಿಮೆಂಟು ರೂಢಿಯಾದ ಮರಿ ದೀಪಾವಳಿಯ ಬಿಸಿಲಿನಲ್ಲಿಯೂ ಸಿಮೆಂಟನ್ನೇ ಹುಡುಕಿ ಬರುತ್ತದೆ. ಆದಕಾರಣ ಹಟ್ಟಿಯ ಸೂರಿನಡಿಯಲ್ಲಿಯೋ ಕಟ್ಟಿಗೆ ಕೊಟ್ಟಿಗೆಯ ಬದಿಯಲ್ಲಿಯೋ ಒಂದು ಮಾರಿನಷ್ಟು ಜಾಗದಲ್ಲಿ ಮಣ್ಣು ಹರಡಿ, ಮೇಲೆ ಒಣ ತರಗೆಲೆಯನ್ನು ಹಾಸಿ ಕೊಡುವುದು ಲೇಸು. ಮಳೆ ನಿಂತ ಮೇಲೆ ಅದೇ ಮಣ್ಣು, ಅದೇ ತರಗೆಲೆ ತೋಟದಲ್ಲಿ ಹೇರಳವಾಗಿ ಇದ್ದೇ ಇವೆಯಲ್ಲ!

ಮುಂದಿನ ದೂರು ಬೊಗಳುವುದು. ಹಗಲೆಲ್ಲ ಸರಪಣಿಯಲ್ಲಿದ್ದ ನಾಯಿ ಬೊಗಳುತ್ತದೆ; ಸಹಿಸಲಾರದೆ ಯಾರೋ ಬಂದು ಬಿಚ್ಚುತ್ತಾರೆ, ಇಲ್ಲವೆ ಅನ್ನ ಹಾಕುತ್ತಾರೆ. ಬೊಗಳಿದರೆ ಫಲವುಂಟೆಂದು ನಾಯಿ ಕಲಿತುಬಿಟ್ಟಿತು. ಮರುದಿನ ಹಠ ಹಿಡಿದು ಒಂಬತ್ತು ಸಲ ಸುಮ್ಮನಿದ್ದು ಹತ್ತನೆಯ ಸಲ ಸೋತರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಪ್ರತಿಸಲವೂ ಸಿಕ್ಕುವ ಫಲಕ್ಕಿಂತ ಅನಿಯತವಾಗಿ ಸಿಕ್ಕುವ ಫಲ ಅಭ್ಯಾಸವನ್ನು ಹೆಚ್ಚು ಗಟ್ಟಿಗೊಳಿಸುತ್ತದೆಂದು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದನು. ಜೂಜುಕೋರನು ಸೋತರೂ ಎದ್ದುಹೋಗದಿರುವುದು ಇದೇ ಕಾರಣದಿಂದ. ಆದುದರಿಂದ ಸುಮ್ಮನಿದ್ದ ಗಳಿಗೆಯನ್ನು ಕಾದು, ಆಗಲೇ ಬಿಚ್ಚಬೇಕು. ಹಾರಿ ಮೈಮೇಲೆ ಬೀಳುವ ನಾಯಿಗೂ ಇದೇ ಔಷಧ: ನಾಲ್ಕು ಕಾಲೂ ನೆಲದಲ್ಲಿದ್ದಾಗ ಮಾತ್ರ ಮಾತು. ಆದರೆ ಕಾಡಂಚಿನ ಮನೆಗಳಲ್ಲಿ ಇರುಳಿನ ಬೊಗಳು ವ್ಯರ್ಥವೆಂದು ತಿಳಿಯಬಾರದು; ಚಿರತೆ ಸುಳಿಯುವಲ್ಲಿ ಹೊರಗೆ ಕಟ್ಟಿಹಾಕಿದ ನಾಯಿ ಓಡಲೂ ಆರದು. ಅದಕ್ಕೆ ಭದ್ರವಾದ ಗೂಡೇ ಬೇಕು.

ಚಪ್ಪಲಿ ಕಡಿಯುವುದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತವೆ, ಒಸಡು ನವೆಯುತ್ತದೆ. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಟ್ಟು, ಹೊಸದನ್ನು ಕಡಿದಾಗ ಸಿಟ್ಟಾಗುವುದು ಅನ್ಯಾಯ. ಹಳತು ಹೊಸತು ಎಂಬ ಭೇದ ನಾಯಿಯ ತರ್ಕಶಾಸ್ತ್ರದಲ್ಲಿಲ್ಲ.

ಉತ್ಸವದ ಗರ್ನಾಲು ಸಿಡಿದಾಗ ನಡುಗಿ ಊರು ಬಿಟ್ಟು ಓಡುವ ನಾಯಿಗಳ ವಿಷಯದಲ್ಲಿ ಭೌತಶಾಸ್ತ್ರ ಸ್ವಲ್ಪ ನೆರವಾಗುತ್ತದೆ. ಬಯಲಿನಲ್ಲಿ ದೂರವನ್ನು ಇಮ್ಮಡಿಸಿದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ, ಎಂದರೆ ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ನಾಯಿ ಕಿವಿ ನಿಮಿರಿಸಿದರೂ ಹೆದರದಷ್ಟು ದೂರದಿಂದ ಆರಂಭಿಸಿ, ಪ್ರತಿ ಸದ್ದಿನ ಬೆನ್ನಿಗೂ ತಿಂಡಿ ಕೊಡುತ್ತ, ದಿನಗಳ ಮೇಲೆ ದಿನ ಹತ್ತಿರಕ್ಕೆ ಬರಬೇಕು. ದಾಖಲಿಸಿದ ಸದ್ದನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸಿಯೂ ಇದನ್ನು ಮಾಡಬಹುದು. ಪಾವ್ಲೊವನ ಪ್ರಯೋಗವೇ ಇಲ್ಲಿ ಚಿಕಿತ್ಸೆಯಾಗುತ್ತದೆ.

ಜಾತಿನಾಯಿಗೆ ಮಾತ್ರ ಬುದ್ಧಿ, ಊರನಾಯಿಗೆ ಇಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ನಮ್ಮ ಮುಧೋಳದ ಬೇಟೆನಾಯಿಗಳನ್ನು ೨೦೧೬ರಲ್ಲಿ ಭಾರತೀಯ ಸೈನ್ಯವು ಮೀರತ್ತಿನ ಕೇಂದ್ರಕ್ಕೆ ಒಯ್ದು ತರಬೇತಿಗೊಳಿಸಿತು. ತಳಿಗಿಂತ ಹೆಚ್ಚಾಗಿ ನೋಡಬೇಕಾದುದು ವಯಸ್ಸನ್ನು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ೧೯೬೫ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದ ಪ್ರಕಾರ, ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಹೊಸಬರನ್ನು ಸುಲಭವಾಗಿ ಒಪ್ಪುತ್ತದೆ. ಆ ವಾರಗಳಲ್ಲಿ ಮಕ್ಕಳು, ಮುದುಕರು, ಕೊಡೆ ಹಿಡಿದವರು, ಸೈಕಲ್ಲು, ದನಕರು ಎಲ್ಲವನ್ನೂ ಕಂಡ ಮರಿ ಮುಂದೆ ಅಂಚೆಯವನನ್ನು ಕಚ್ಚುವ ಸಂಭವ ಕಡಿಮೆ. ಗೂಟಕ್ಕೆ ಕಟ್ಟಿ ಬೆಳೆಸಿದ ಮರಿಗೆ ಈ ಅವಕಾಶವೇ ತಪ್ಪಿಹೋಗುತ್ತದೆ.

ಕೊನೆಯದಾಗಿ, ಹಠಾತ್ತನೆ ಬದಲಾದ ನಡತೆಯನ್ನು ಶಿಕ್ಷಣದ ಪ್ರಶ್ನೆಯೆಂದು ಭಾವಿಸಬಾರದು. ಚೆನ್ನಾಗಿ ಕಲಿತಿದ್ದ ನಾಯಿ ಮನೆಯೊಳಗೆ ಮೂತ್ರ ಮಾಡತೊಡಗಿದರೆ ಮೂತ್ರನಾಳದ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಬೇಕು. ಸಾಧುವಾಗಿದ್ದ ನಾಯಿ ಕಾರಣವಿಲ್ಲದೆ ಕಚ್ಚಿ, ಜೊಲ್ಲು ಸುರಿಸುತ್ತ, ನುಂಗಲಾರದೆ ತೊಳಲಿದರೆ ಹುಚ್ಚುನಾಯಿ ರೋಗವನ್ನು ಶಂಕಿಸಬೇಕು. ಅಂತಹ ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಮರಿಗೆ ಈ ರೋಗದ ವಿರುದ್ಧದ ಮೊದಲ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಾದಾಗ ಹಾಕಿಸುತ್ತಾರೆ.